ವಿಜ್ಞಾನ ಬರವಣಿಗೆ: ವಿದ್ಯಾರ್ಥಿಯ ಕೈಗೆ ಲೇಖನಿ ಬರುವುದೆಂದು?

ನಮ್ಮ ಕಾಲೇಜುಗಳು ಹೊರತರುವ ವಾರ್ಷಿಕ ಸಂಚಿಕೆಗಳಲ್ಲಿ ಪ್ರಾಂಶುಪಾಲರ ಸಂದೇಶ, ಬಹುಮಾನ ವಿಜೇತರ ಭಾವಚಿತ್ರ, ಹತ್ತಾರು ಕವಿತೆಗಳ ನಡುವೆ ಒಂದೆರಡು ವಿಜ್ಞಾನ ಲೇಖನಗಳೂ ಇರುತ್ತವೆ. ಕಪ್ಪುಕುಳಿ, ಮಂಗಳಯಾನ, ಓಝೋನ್ ಪದರ, ಇವು ಸಾಮಾನ್ಯ ವಿಷಯಗಳು. ಇಂಥ ಲೇಖನಗಳಲ್ಲಿ ದೊಡ್ಡ ತಪ್ಪುಗಳೇನೂ ಇರುವುದಿಲ್ಲ. ಆದರೆ ಬರೆದ ವಿದ್ಯಾರ್ಥಿಯೂ ಅಲ್ಲಿ ಇರುವುದಿಲ್ಲ. ಹೆಸರು ಬದಲಿಸಿದರೆ ಅದೇ ಲೇಖನ ಬೀದರಿನ ಕಾಲೇಜಿಗೂ ಸಲ್ಲುತ್ತದೆ, ಪುತ್ತೂರಿನ ಕಾಲೇಜಿಗೂ ಸಲ್ಲುತ್ತದೆ.

ಇದಕ್ಕೆ ವಿದ್ಯಾರ್ಥಿಯ ಸೋಮಾರಿತನವೊಂದೇ ಕಾರಣವಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಹುಡುಗಿಗೆ ಪಿಯುಸಿಯಲ್ಲಿ ವಿಜ್ಞಾನ ಒಮ್ಮೆಲೇ ಇಂಗ್ಲಿಷಾಗಿ ಬಿಡುತ್ತದೆ. ಪರೀಕ್ಷೆಗೆ ಬೇಕಾದಷ್ಟು ಇಂಗ್ಲಿಷ್ ಅವಳಿಗೆ ಬರುತ್ತದೆ, ಮನೆಯಲ್ಲಿ ಮಾತಾಡಲು ಬೇಕಾದಷ್ಟು ಕನ್ನಡವೋ ಬ್ಯಾರಿಯೋ ಉರ್ದುವೋ ಬರುತ್ತದೆ. ಆದರೆ ಕಲಿತದ್ದನ್ನು ಮನೆಯವರಿಗೆ ವಿವರಿಸುವ ಭಾಷೆ ಎರಡರ ನಡುವೆ ಎಲ್ಲೋ ಕಳೆದುಹೋಗುತ್ತದೆ. ಬರೆಯಲು ಕುಳಿತಾಗ ಅವಳ ಮುಂದಿರುವುದು ಅನುವಾದದ ದಾರಿ ಮಾತ್ರ.

ಕನ್ನಡದಲ್ಲಿ ವಿಜ್ಞಾನ ಬರವಣಿಗೆಗೆ ಪರಂಪರೆಯಿಲ್ಲ ಎಂದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಷ್ಟು ಹಿಂದೆಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಕಾಲೇಜನ್ನು ಅರ್ಧಕ್ಕೇ ಬಿಟ್ಟ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಕೊಟ್ಟರು. 1978ರಲ್ಲಿ ಹುಟ್ಟಿದ ‘ಬಾಲ ವಿಜ್ಞಾನ’ವನ್ನು ಜೆ.ಆರ್. ಲಕ್ಷ್ಮಣರಾವ್ ಅವರಂಥ ಅಧ್ಯಾಪಕರು ಪೋಷಿಸಿದರು. ಇವರೆಲ್ಲರ ಋಣ ದೊಡ್ಡದು. ಆದರೂ ಈ ಪರಂಪರೆಯಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇಲ್ಲಿ ಬರೆಯುವವರು ಹೆಚ್ಚಾಗಿ ಗುರುಗಳು, ವಿದ್ಯಾರ್ಥಿ ಓದುಗ.

ಈ ಮಾತಿಗೆ ಒಳ್ಳೆಯ ಉದಾಹರಣೆಯೆಂದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1976ರಲ್ಲಿ ಪ್ರಕಟವಾಗಿ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಇದು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸ್ವಾಮಿ, ವಿದ್ಯಾರ್ಥಿಗಳನ್ನು ಕಾಡು ಬೆಟ್ಟಗಳಿಗೆ ಸಸ್ಯಸಂಗ್ರಹಕ್ಕೆ ಕರೆದೊಯ್ದ ಪ್ರವಾಸಗಳೇ ಅದರ ವಸ್ತು. ಗಿಡದ ಲ್ಯಾಟಿನ್ ಹೆಸರು, ಊರಿನವರು ಕರೆಯುವ ಹೆಸರು, ಅದರ ಉಪಯೋಗ, ಲೇಖಕರೇ ಬರೆದ ರೇಖಾಚಿತ್ರ, ದಾರಿಯ ಹರಟೆ ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ಓದುಗನಿಗೆ ಮೊದಲು ಗಿಡ ಕಾಣುತ್ತದೆ, ಶಾಸ್ತ್ರ ಆಮೇಲೆ ಬರುತ್ತದೆ. ಪಠ್ಯಪುಸ್ತಕದ ಕ್ರಮಕ್ಕೆ ಇದು ತೀರಾ ವಿರುದ್ಧ. ಪುಸ್ತಕದ ಶಕ್ತಿಯೂ ಇದರಲ್ಲೇ ಇದೆ.

ಆದರೆ ಇಷ್ಟು ಜೀವಂತ ಪುಸ್ತಕದಲ್ಲೂ ಲೇಖನಿ ಇರುವುದು ಮೇಷ್ಟ್ರ ಕೈಯಲ್ಲಿ. ವಿದ್ಯಾರ್ಥಿಗಳು ಪ್ರಶ್ನೆ ಕೇಳುತ್ತಾರೆ, ಪೇಚಿಗೆ ಸಿಲುಕುತ್ತಾರೆ, ನಗಿಸುತ್ತಾರೆ. ಅವರು ಪಾತ್ರಗಳು. ಗಿಡವೊಂದನ್ನು ಮೊದಲ ಬಾರಿಗೆ ಕಂಡು ಗುರುತಿಸಲಾಗದೆ ತಡಕಾಡುವ ಮನಸ್ಸಿನ ಅನುಭವ ಒಳಗಿನಿಂದ ನಮಗೆ ಸಿಗುವುದಿಲ್ಲ. ಅದನ್ನು ಬರೆಯಬಲ್ಲವನು ವಿದ್ಯಾರ್ಥಿ ಮಾತ್ರ. ಬಲ್ಲವನಿಗೆ ತಾನು ಅರಿಯದೆ ಇದ್ದ ಕಾಲ ಮರೆತಿರುತ್ತದೆ. ನಿನ್ನೆಯಷ್ಟೇ ಅರ್ಥ ಮಾಡಿಕೊಂಡವನಿಗೆ ಓದುಗ ಎಲ್ಲಿ ಎಡವುತ್ತಾನೆ ಎಂಬುದು ಗೊತ್ತಿರುತ್ತದೆ. ವಿಜ್ಞಾನ ಬರವಣಿಗೆಯಲ್ಲಿ ಎಳೆಯ ವಯಸ್ಸು ಕೊರತೆಯಲ್ಲ, ಅದೊಂದು ಅನುಕೂಲ ಎನ್ನುವುದು ಇದಕ್ಕಾಗಿ.

ಹಾಗಾದರೆ ವಿದ್ಯಾರ್ಥಿ ಏನನ್ನು ಬರೆಯಬೇಕು? ಕರಾವಳಿಯ ಹುಡುಗನೊಬ್ಬ ಕಪ್ಪುಕುಳಿಯ ಬಗ್ಗೆ ಬರೆಯುತ್ತಾನೆ. ಅವನ ಮನೆಯ ಗೋಡೆ ಕೆಂಪು ಮುರಕಲ್ಲಿನದು. ನೆಲದಿಂದ ತೆಗೆಯುವಾಗ ಕಡಿಯಲು ಬರುವಷ್ಟು ಮೆದುವಾಗಿರುವ ಈ ಕಲ್ಲು ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಹೇಗೆ? ಬಿಸಿ ಹವೆಯ ನಾಡಿನಲ್ಲಿ ಸಹಸ್ರಾರು ವರ್ಷ ಸುರಿದ ಮಳೆ ಬಂಡೆಯ ಸಿಲಿಕಾವನ್ನು ಕರಗಿಸಿ ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಸಂಯುಕ್ತಗಳನ್ನು ಉಳಿಸಿತು. ಕೆಂಪು ಬಣ್ಣ ಕಬ್ಬಿಣದ್ದು. ತೇವ ಆರಿದಂತೆ ಆ ಕಬ್ಬಿಣದ ಅಂಶ ಬಿಗಿದುಕೊಂಡು ಕಲ್ಲು ಗಟ್ಟಿಯಾಗುತ್ತದೆ. ಬಿಎಸ್ಸಿ ಹುಡುಗನ ರಸಾಯನಶಾಸ್ತ್ರಕ್ಕೆ ಎಟುಕದ ವಿಷಯವೇನಲ್ಲ ಇದು.

ಇದರ ಹೆಸರಿನ ಕಥೆ ಇನ್ನೂ ಸ್ವಾರಸ್ಯವಾದದ್ದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಮಲಬಾರಿನ ಅಂಗಡಿಪುರಂನಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಬಂತು. ಸ್ಥಳೀಯರು ಇದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆಂದು ಆತನೇ ದಾಖಲಿಸಿದ್ದಾನೆ. ಅಂದರೆ ಜಗತ್ತಿನ ಭೂವಿಜ್ಞಾನ ಇಂದು ಬಳಸುವ ಪದದ ಹಿಂದೆ ಕಲ್ಲು ಕಡಿಯುವವರ ಮಾತಿನ ನೆರಳಿದೆ. ಲ್ಯಾಟರೈಟ್‌ಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ನಿಘಂಟು ಹುಡುಕುವ ವಿದ್ಯಾರ್ಥಿಗೆ ಈ ಕಥೆ ಗೊತ್ತಾದರೆ ಅವನ ಅಂಜಿಕೆ ಅರ್ಧ ಕಡಿಮೆಯಾದೀತು.

ಅನುಭವ ಎಂದರೆ ಇದೇ. ಕಲ್ಲುಕೋರೆಯಲ್ಲಿ ದುಡಿಯುವ ಹಿರಿಯರನ್ನು ಮಾತಾಡಿಸುವುದು, ಅವರು ಹೇಳಿದ್ದನ್ನು ರಸಾಯನಶಾಸ್ತ್ರದ ಉಪನ್ಯಾಸಕರ ಬಳಿ ಒರೆಗೆ ಹಚ್ಚುವುದು, ಗ್ರಂಥಾಲಯದಲ್ಲಿ ಮೂಲವನ್ನು ಹುಡುಕುವುದು, ಎರಡು ಪುಟ ಬರೆದು ವಿಜ್ಞಾನ ಓದದ ಅಕ್ಕನಿಗೆ ಓದಿ ಹೇಳುವುದು, ಆಕೆಗೆ ಅರ್ಥವಾಗದ ಸಾಲನ್ನು ಹೊಡೆದು ಮತ್ತೆ ಬರೆಯುವುದು. ‘ಇದು ನಮಗೆ ಹೇಗೆ ಗೊತ್ತಾಯಿತು?’ ಎಂದು ಪ್ರತಿ ವಾಕ್ಯವನ್ನೂ ಕೇಳುವುದು. ಇದಕ್ಕೆ ಮಹಾನಗರದ ಪತ್ರಿಕೋದ್ಯಮ ಕೋರ್ಸು ಬೇಕಿಲ್ಲ. ಕಾಲೇಜಿನ ಭಿತ್ತಿಪತ್ರಿಕೆ ಸಾಕು. ಅಲ್ಲಿ ಪಳಗಿದ ಮೇಲೆ ಸ್ಥಳೀಯ ಪತ್ರಿಕೆಗೆ, ಆಮೇಲೆ ಮಾಸಪತ್ರಿಕೆಗೆ ಕಳುಹಿಸಬಹುದು. ಸಂಪಾದಕರು ತಿದ್ದಿ ವಾಪಸು ಕಳಿಸಿದರೆ ಅದೂ ಪಾಠವೇ.

ಇಲ್ಲಿ ಕಾಲೇಜುಗಳ ಹೊಣೆಯೂ ಇದೆ. ಸಂಚಿಕೆಯ ಸಂಪಾದಕತ್ವವನ್ನು ಕನ್ನಡ ವಿಭಾಗಕ್ಕೆ ಒಪ್ಪಿಸಿ ವಿಜ್ಞಾನ ವಿಭಾಗ ಕೈತೊಳೆದುಕೊಳ್ಳುವುದು ಹಳೆಯ ರೂಢಿ. ಭಾಷೆಯನ್ನು ಒಬ್ಬರು, ವಿಷಯವನ್ನು ಇನ್ನೊಬ್ಬರು ನೋಡಿದರೆ ವಿದ್ಯಾರ್ಥಿಯ ಬರಹ ಎರಡು ಕಡೆಯಿಂದಲೂ ಗಟ್ಟಿಯಾಗುತ್ತದೆ. ಈಗ ಎರಡೂ ಕಡೆ ಯಾರೂ ನೋಡುವುದಿಲ್ಲ.

ಇಂದು ಇದು ಹೆಚ್ಚು ತುರ್ತಿನ ವಿಷಯ. ಮೊಬೈಲಿನಲ್ಲಿ ಒಂದು ಸಾಲು ಕೇಳಿದರೆ ಕೃತಕ ಬುದ್ಧಿಮತ್ತೆ ಕಪ್ಪುಕುಳಿಯ ಮೇಲೆ ಕ್ಷಣದಲ್ಲಿ ಲೇಖನ ಬರೆದುಕೊಡುತ್ತದೆ. ಅನುವಾದದ ಲೇಖನಕ್ಕೆ ಇನ್ನು ವಿದ್ಯಾರ್ಥಿಯ ಅಗತ್ಯವೇ ಇಲ್ಲ. ಅದೇ ಮೊಬೈಲಿನಲ್ಲಿ ಬೆಳಗಿನಿಂದ ರಾತ್ರಿವರೆಗೆ ಔಷಧಿ, ಲಸಿಕೆ, ಆಹಾರದ ಬಗ್ಗೆ ತಲೆಬುಡವಿಲ್ಲದ ಸಂದೇಶಗಳೂ ಬರುತ್ತವೆ. 2020ರ ಕೊರೋನಾ ಕಾಲದಲ್ಲಿ ಅವು ಮನೆಮನೆಗೂ ಹಬ್ಬಿದ್ದನ್ನು ನೋಡಿದ್ದೇವೆ. ಮನೆಯ ಹಿರಿಯರು ಅಂಥ ಸಂದೇಶ ಹಿಡಿದು ‘ಇದು ನಿಜವೇ?’ ಎಂದು ಕೇಳುವುದು ದೂರದ ವಿಜ್ಞಾನಿಯನ್ನಲ್ಲ, ಮನೆಯಲ್ಲಿ ಬಿಎಸ್ಸಿ ಓದುವ ಮಗಳನ್ನು. ಅವಳಿಗೆ ಉತ್ತರ ಗೊತ್ತಿರಬಹುದು. ಅದನ್ನು ಮನೆಮಾತಿನಲ್ಲಿ, ಅವರ ಮನಸ್ಸು ನೋಯದಂತೆ, ಆಧಾರ ಸಹಿತ ಹೇಳಲು ಬರಬೇಕಲ್ಲ? ಬರವಣಿಗೆ ಕಲಿಸುವುದು ಅದನ್ನೇ. ಆ ಕಲಿಕೆಗೆ ಪದವಿ ಮುಗಿಯುವವರೆಗೆ ಕಾಯಬೇಕಿಲ್ಲ. ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಕಪ್ಪುಕುಳಿಯ ಜಾಗದಲ್ಲಿ ಮುರಕಲ್ಲು ಬಂದರೆ ಅದೊಂದು ಒಳ್ಳೆಯ ಆರಂಭವೇ ಸರಿ.