ಹರಟೇನೂ ಸಂಶೋಧನೆನಾ?

ಟ್ರಿನಿಡಾಡಿನಲ್ಲಿ ಗೆಳೆಯರ ಜೊತೆ ಗಡಿಬಿಡಿಯಿಲ್ಲದೆ ತಿಂದು ಕುಡಿದು ಕೂರೋದಕ್ಕೆ ‘ಲೈಮಿಂಗ್’ ಅಂತಾರೆ. ಅಲ್ಲಿನ ಹರಟೆ ‘ಓಲ್ ಟಾಕ್’. ಕಮೀಲ್ ನಖಿದ್ ಮತ್ತು ಸಂಗಡಿಗರು ಇದನ್ನೇ ಕೆರಿಬಿಯನ್ ಜನರೊಂದಿಗಿನ ಸಂಶೋಧನೆಗೆ ತಕ್ಕ ವಿಧಾನ ಅಂತ ಮಂಡಿಸಿದ್ದಾರೆ. ಪ್ರಶ್ನಾವಳಿ ಹಿಡಿದು ಎದುರು ಕೂತರೆ ಜನ ಪಾಠ ಒಪ್ಪಿಸ್ತಾರೆ. ಲೈಮ್‌ನಲ್ಲಾದರೆ ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ ‘ಬಿಡೋ, ಬರೀ ಬುರುಡೆ’ ಅಂತಾನೆ. ಸಂಶೋಧಕರೂ ತಮ್ಮ ಕಥೆ ಹೇಳಬೇಕಾಗುತ್ತೆ. ಯೂಸರ್ ಇಂಟರ್‌ವ್ಯೂಗಳಲ್ಲಿ ‘ಚೆನ್ನಾಗಿದೆ ಸರ್’ ಕೇಳಿ ಕೇಳಿ ಸಾಕಾದ ನನಗೆ ಇದು ಹಿಡಿಸಿತು.

ಆದರೆ ನಮ್ಮೂರ ಅರಳಿಕಟ್ಟೇಲಿ ದೊಡ್ಡ ಗಂಟಲಿನವರದ್ದೇ ಕಾರುಬಾರು. ನಮ್ಮವ್ವ ಅಲ್ಲಿ ಕೂತಿದ್ದನ್ನ ನಾನು ಒಂದು ದಿನವೂ ನೋಡಿಲ್ಲ. ಲೈಮ್‌ನಲ್ಲೂ ಮೂಲೇಲಿ ಗ್ಲಾಸು ಹಿಡಿದು ಸುಮ್ನಿರೋರು ಇರ್ತಾರಲ್ಲ? ಅವರ ಮಾತು ಬೇಕಂದ್ರೆ, ಎಲ್ಲರೂ ಎದ್ದುಹೋದ ಮೇಲೆ ತಟ್ಟೆ ತೊಳೆಯೋ ಹೊತ್ತಲ್ಲೂ ಸಂಶೋಧಕರು ಅಲ್ಲೇ ಇರಬೇಕು.