ರೋಬೋಟ್ ಕೇಳುವ ಮಗುವಿಗೆ ಅಡಿಕೆ ಹಾಳೆ ತೋರಿಸುವವರು

ಕ್ರಿಸ್‌ಮಸ್ ಬಂತೆಂದರೆ ಸಾಗರ, ತೀರ್ಥಹಳ್ಳಿಯ ಕ್ರೈಸ್ತ ಮನೆಗಳ ಮಕ್ಕಳು ಬಿದಿರು, ಹುಲ್ಲು ತಂದು ಗೋದಲಿ ಕಟ್ಟುತ್ತಾರೆ. ಈಗ ಮೊಬೈಲಿನಲ್ಲಿ ನೋಡಿ, ತಾವೇ ಜೋಡಿಸಿ ತಾವೇ ಆಜ್ಞೆ ಬರೆದು ಓಡಿಸುವ ರೋಬೋಟ್ ಬೇಕು ಅಂತಲೂ ಹಠ ಮಾಡ್ತಾರೆ. ಕೇಳುವವರು ಅವರಷ್ಟೇ ಅಲ್ಲ. ಹೊಸನಗರದ ಕಡೆಯ ಒಂದು ಕೇರಿಯಲ್ಲಿ, ಅಡಿಕೆ ಸುಲಿಯಲು ಹೋಗುವ ತಾಯಿಯ ಮಗನೊಬ್ಬ ನಮ್ಮನ್ನೂ ಕೇಳಿದ. ಜೊತೆಗಿದ್ದ ಮೇಷ್ಟ್ರು, ನಮ್ಮವರೇ, "ಹಾಳೆ ಮೇಲೆ ಕೂತು ಎಳೆಸ್ಕೊಳ್ಳೋ, ಅದಕ್ಕಿಂತ ಗಾಡಿ ಬೇಕಾ?" ಅಂದರು. ನಾವೂ ನಕ್ಕೆವು. ಆ ನಗುವನ್ನು ವಿಮರ್ಶಿಸಬೇಕು ಅಂತಲೇ ಇದನ್ನು ಬರೆಯುತ್ತಿದ್ದೇವೆ.

ಈ ಆಟಿಕೆಗಳ ಹಿಂದೆ ಒಂದು ಪುಸ್ತಕವಿದೆ. 1980ರಲ್ಲಿ ಬಂದ ಸೀಮೋರ್ ಪ್ಯಾಪರ್ಟ್‌ನ 'ಮೈಂಡ್‌ಸ್ಟಾರ್ಮ್ಸ್'. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಅಲ್ಲಿನ ವರ್ಣಭೇದವನ್ನು ವಿರೋಧಿಸಿದ ಗಣಿತಜ್ಞ ಈತ. ಚಿಕ್ಕಂದಿನಲ್ಲಿ ಹಲ್ಲುಚಕ್ರಗಳ ಜೊತೆ ಆಡಿದ್ದರಿಂದಲೇ ತನಗೆ ಗಣಿತ ಒಲಿಯಿತು ಎನ್ನುತ್ತಾನೆ. ಯಂತ್ರ ಮಗುವನ್ನು ಕುಣಿಸಬಾರದು, ಮಗು ಯಂತ್ರವನ್ನು ಕುಣಿಸಬೇಕು. ತಪ್ಪಾದರೆ ಅದು ಅಪರಾಧವಲ್ಲ, ಎಲ್ಲಿ ತಪ್ಪಿತು ಅಂತ ಹುಡುಕಿ ತಿದ್ದುವುದೇ ಕಲಿಕೆ ಎಂಬುದು ಅವನ ವಾದ. ತಪ್ಪು ಉತ್ತರಕ್ಕೆ ಬೆತ್ತದ ಏಟಿನ ಜೊತೆ ಜಾತಿಯ ಬೈಗುಳವನ್ನೂ ತಿಂದ ನಮಗೆ ಇದು ಸಣ್ಣ ಮಾತಲ್ಲ. ಬರೆದ ಆಜ್ಞೆ ಸರಿಯಿದ್ದರೆ ಯಂತ್ರ ನಡೆಯುತ್ತೆ. ಬರೆದವನು ಯಾರ ಮಗ ಅಂತ ಅದು ಕೇಳಲ್ಲ.

ಆದರೆ ಕಂಪ್ಯೂಟರ್ ಅಗ್ಗವಾಗುತ್ತದೆ, ಎಲ್ಲ ಮಕ್ಕಳ ಕೈಗೂ ಬರುತ್ತದೆ ಎಂಬ ಅವನ ಭರವಸೆ ನಮ್ಮ ಕೇರಿಯ ದಾರಿಯಲ್ಲಿ ಎಲ್ಲೋ ಉಳಿದುಬಿಟ್ಟಿತು. ಅವನ ಪುಸ್ತಕದ ಹೆಸರಿಟ್ಟು ಲೆಗೋ ಕಂಪನಿ 1998ರಲ್ಲಿ ರೋಬೋಟ್ ಆಟಿಕೆ ತಂದಿತು. 2020ರ ಮಾದರಿಗೆ ಅಮೆರಿಕದಲ್ಲಿ 360 ಡಾಲರ್, ಅಂದರೆ ಆಗಿನ ದರದಲ್ಲಿ 26 ಸಾವಿರ ರೂಪಾಯಿಗೂ ಮೇಲೆ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 275 ರೂಪಾಯಿ. ಲೆಕ್ಕ ಹಾಕಿ: ಸುಮಾರು 95 ದಿನದ ಕೂಲಿ! ಖಾತ್ರಿಯಿದ್ದದ್ದೇ ಒಂದು ಮನೆಗೆ ವರ್ಷಕ್ಕೆ 100 ದಿನ. 2022ರ ಕೊನೆಗೆ ಕಂಪನಿ ಆ ಸರಕನ್ನೇ ನಿಲ್ಲಿಸಿತು. ನಮ್ಮ ಮಕ್ಕಳು ಸಂತೆಗೆ ಹೊರಡುವಷ್ಟರಲ್ಲಿ ಸಂತೆ ಎದ್ದುಹೋಗಿತ್ತು.

ಇನ್ನೊಂದು ಮಾತು. 1932ರಲ್ಲಿ ಲೆಗೋ ಶುರು ಮಾಡಿದವನು ಡೆನ್ಮಾರ್ಕಿನ ಬಿಲ್ಲುಂಡ್‌ನ ಒಬ್ಬ ಬಡಗಿ. ಇಲ್ಲಿ, ಸಾಗರ ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ಷೋಕೇಸಿನಲ್ಲಿಟ್ಟು ಹೊಗಳಿದೆವು, ಆ ಕೈಯನ್ನು ಮಾತ್ರ ಕುಲಕಸುಬೆಂಬ ಗೂಟಕ್ಕೆ ಕಟ್ಟಿದೆವು. ಜಾತಿ ಹಂಚುವುದು ಕೆಲಸವನ್ನಲ್ಲ, ಕೆಲಸಗಾರರನ್ನೇ ಎಂದು ಅಂಬೇಡ್ಕರ್ 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬಿಡಿಸಿಟ್ಟರು. ಕೈ ಒಬ್ಬರದು, ತಲೆ ಇನ್ನೊಬ್ಬರದು ಎನ್ನುವ ಈ ನಾಡಿನಲ್ಲಿ ಎರಡನ್ನೂ ಒಟ್ಟಿಗೆ ಬೇಡುವ ಆಟಿಕೆಯನ್ನು ನಮ್ಮ ಮಗು ಕೇಳಿದ್ದು ದುರಾಸೆಯೆ?

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ನೀತಿ ಆಯೋಗದ ಕಡೆಯಿಂದ 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವುಂಟು. ಅದು 6ರಿಂದ 12ನೇ ತರಗತಿಯವರಿಗೆ. ಐದನೇ ತರಗತಿಗೇ ಮುಗಿಯುವ ಕೇರಿ ಶಾಲೆಗೆ ಅಲ್ಲಿ ಬಾಗಿಲಿಲ್ಲ.

ನಮ್ಮ ಸಿಟ್ಟು ಹೆಚ್ಚು ಇರುವುದು ಹಾಳೆ ತೋರಿಸುವವರ ಮೇಲೆ, ನಮ್ಮನ್ನೂ ಸೇರಿಸಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರದ ಊರುಗಳು ಮುಳುಗಿದವು. ಶರಾವತಿ ನಾಡಿನ ಯಂತ್ರಗಳನ್ನೆಲ್ಲ ತಿರುಗಿಸಿತು. ಮುಳುಗಿದವರ ಮೊಮ್ಮಕ್ಕಳು ಹಕ್ಕುಪತ್ರಕ್ಕೆ ಇನ್ನೂ ಅಲೀತಿದ್ದಾರೆ. ಅಂಥ ಮನೆಯ ಹುಡುಗ ಹಳ್ಳದಲ್ಲಿ ಗರಿಯ ಚಕ್ರ ತಿರುಗಿಸಿದರೆ ಅದು ಮಲೆನಾಡಿನ ಸೊಗಡು, ಅವನೇ ಮೋಟಾರ್ ಕೇಳಿದರೆ ಬಂಡವಾಳಶಾಹಿಯ ಮೋಹ! ತಮ್ಮ ಮಕ್ಕಳನ್ನು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿಗೆ ಕಳಿಸಿದವರೂ ಹೀಗೇ ಬರೀತಾರೆ. ಮಣ್ಣೇ ಸಾಕು ಎನ್ನುವುದು ಮನುವಿನ ಮಾತು, ಹಸಿರು ಶಾಲು ಹೊದ್ದರೂ ಅದೇ ಮಾತು.

ಆ ಹುಡುಗ ಆಮೇಲೆ ಹಾಳೆಗೇ ಹವಾಯಿ ಚಪ್ಪಲಿಯ ಗಾಲಿ ಕತ್ತರಿಸಿ ಹಾಕಿ, ಹಳೆ ಆಟಿಕೆಯ ಮೋಟಾರ್ ಸೇರಿಸಿದ್ದ. ಗಾಡಿ ಹಿಂದಕ್ಕೆ ಓಡಿತು. ಸೆಲ್ಲಿನ ವೈರು ಅದಲುಬದಲು ಮಾಡಿದ, ಮುಂದಕ್ಕೆ ಬಂತು. "ಪಕ್ಕಕ್ಕೆ ತಿರುಗ್ಬೇಕಂದ್ರೆ ಇನ್ನೊಂದು ಮೋಟಾರ್ ಬೇಕಲ್ಲಣ್ಣ, ಎರಡು ಗಾಲಿಗೆ ಎರಡು" ಅಂದ. ಸಾಗರದ ಒಂದು ರಿಪೇರಿ ಅಂಗಡಿಯಲ್ಲಿ ಹಳೆ ಟೇಪ್ ರೆಕಾರ್ಡರಿನ ಮೋಟಾರುಗಳಿವೆಯಂತೆ. ಸೋಮವಾರ ಮೇಷ್ಟ್ರೂ ನಾವೂ ಹೋಗುತ್ತಿದ್ದೇವೆ.