ಎಸರು ಇಟ್ಟವರ ಸಿನಿಮಾ ಕಣ್ಣು

ಬನಹಟ್ಟಿ ಕಡೆಯ ನಮ್ಮೂರಿನಲ್ಲಿ ‘ಎಸರು’ ಅಂದ್ರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಜೋಳದ ಹಿಟ್ಟಿಗೆ ಕುದಿಯುವ ಎಸರು ಬೀಳದಿದ್ರೆ ರೊಟ್ಟಿ ಬಡಿಯುವಾಗಲೇ ಹರಿಯುತ್ತೆ. ಹಾಗಾಗಿ ಬೆಂಗಳೂರಿನ ಪುಸ್ತಕದಂಗಡಿಯಲ್ಲಿ ‘ಕುದಿ ಎಸರು’ ಕಂಡಾಗ ಮೊದಲು ನೆನಪಾದದ್ದು ಅವ್ವನ ಒಲೆ. ಆಮೇಲೆ ಲೇಖಕಿಯ ಹೆಸರು ನೋಡಿದೆ: ಡಾ. ವಿಜಯಾ.

ವಿಜಯಮ್ಮ ನನಗೆ ಗೊತ್ತಿದ್ದದ್ದು ಸಿನಿಮಾ ಪತ್ರಕರ್ತೆಯಾಗಿ. ಮಲ್ಲಿಗೆ, ತುಷಾರ, ರೂಪತಾರಾಗಳಲ್ಲಿ ದುಡಿದವರು, ಬೀದಿನಾಟಕ ಮಾಡಿದವರು, ‘ಇಳಾ’ ಪ್ರಕಾಶನ ನಡೆಸಿದವರು. ಹುಡುಗರಾಗಿದ್ದಾಗ ಕಟಿಂಗ್ ಅಂಗಡಿಯಲ್ಲಿ ಹಳೇ ರೂಪತಾರಾ ಸಿಕ್ಕರೆ ನಾವು ನೋಡ್ತಿದ್ದದ್ದು ಫೋಟೋ ಮಾತ್ರ. ಅಕ್ಷರ ಜೋಡಿಸಿದವರು ಯಾರು ಅಂತ ಯಾರು ಕೇಳಿದ್ರು?

ತಾರೆಯರ ಕಥೆ ಸಿಗಬಹುದು ಅಂತ ಪುಸ್ತಕ ಬಿಡಿಸಿದರೆ ಸಿಕ್ಕಿದ್ದು ಒಂದು ಮನೆ. ಬಡತನದ ಬಾಲ್ಯ, ಹೊಡೆತ ಬಡಿತದ ಸಂಸಾರ, ಅದರ ನಡುವೆಯೇ ಓದು, ಕೆಲಸ. 2019ರಲ್ಲಿ ಈ ಆತ್ಮಕಥೆಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಪುಸ್ತಕದ ಮಾತು ಬಂದಾಗೆಲ್ಲ ನನ್ನ ಗೆಳೆಯರು ಹೇಳೋದು ಒಂದೇ: ‘ಎಷ್ಟು ನೋವು ಉಂಡಿದಾರೆ!’ ನನ್ನ ತಕರಾರು ಇಲ್ಲೇ ಇದೆ. ನೋವು ಉಂಡವರು ಊರು ತುಂಬಾ ಇದಾರೆ. ಅದನ್ನು ನೋಡೋಕೆ ಬೇಕಾದ ಕಣ್ಣು ಎಲ್ಲರಿಗೂ ಇರೋದಿಲ್ಲ. ತೆರೆಯ ಮೇಲಿನದನ್ನು ಅಳೆದು ತೂಗಿ ಬರೆಯುವ ಕೆಲಸ ಮಾಡಿದವರು ಅದೇ ಕಣ್ಣನ್ನು ತಮ್ಮ ಅಡುಗೆಮನೆ ಕಡೆ ತಿರುಗಿಸಿದಾರೆ ಅಂತ ನನಗನ್ನಿಸುತ್ತೆ.

ಒಂದು ಸಿನಿಮಾ ಉದಾಹರಣೆ ಕೊಡ್ತೀನಿ. ಪುಟ್ಟಣ್ಣ ಕಣಗಾಲರ ‘ಶರಪಂಜರ’ ಬಂದದ್ದು 1971ರಲ್ಲಿ. ನಾನು ನೋಡಿದ್ದು ಬಹಳ ವರ್ಷದ ಮೇಲೆ, ಪಕ್ಕದ ಮನೆ ಟಿವಿಯಲ್ಲಿ. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರಾಗಲಿ ಹೊರಗಿನವರಾಗಲಿ ಗುಣವಾಗಿರಲು ಬಿಡೋದಿಲ್ಲ. ಅವಳ ಹಳೆಯ ತಪ್ಪು ಹುಚ್ಚಿಗೆ ಕಾರಣವಾಗುತ್ತೆ. ಗಂಡ ಇನ್ನೊಬ್ಬಳ ಜೊತೆಗಿದ್ದರೂ ಮರ್ಯಾದಸ್ಥನೇ. ನಾವು ಹುಡುಗರು ಕಲ್ಪನಾ ಹಾಗೆ ಚೀರಿ ನಗ್ತಿದ್ವಿ. ಕಂಡಿಕಿ ಸುತ್ತೋದು ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ ಅವ್ವ ಅಂದಿದ್ದಳು, ‘ಆಕಿಗೆಲ್ಲಿ ಹುಚ್ಚೈತ್ಯೋ? ಎಲ್ಲಾರೂ ಕೂಡಿ ಹುಚ್ಚಿ ಮಾಡ್ಯಾರ.’

ಅದು ವಿಮರ್ಶೆ ಅಂತ ನನಗೆ ಗೊತ್ತಾಗಿದ್ದು ‘ಕುದಿ ಎಸರು’ ಓದಿದ ಮೇಲೆ. ಅವ್ವ ಯಾವ ಮನೆಯಲ್ಲಿ ನಿಂತು ಆ ಮಾತು ಹೇಳಿದಳು ಅಂತಲೂ ಆಗಲೇ ಯೋಚಿಸಿದೆ. ನಮ್ಮ ಮನೆಯಲ್ಲೂ ಅಪ್ಪನ ಕೈ ಎತ್ತೋ ದಿನಗಳಿದ್ದವು. ನಾನು ಗೋಡೆ ಕಡೆ ಮುಖ ಮಾಡಿ ಹೋಮ್‌ವರ್ಕ್ ಬರೀತಿದ್ದೆ.

ಪುಸ್ತಕದಲ್ಲಿ ಕೊರತೆ ಇಲ್ಲ ಅಂತಲ್ಲ. ಘಟನೆ ಮೇಲೆ ಘಟನೆ ಬಂದು ಓದುವವರಿಗೆ ಉಸಿರು ಬಿಡೋಕೆ ಜಾಗ ಸಿಗೋದಿಲ್ಲ. ಪತ್ರಿಕಾ ಕಚೇರಿಯ ವಿಜಯಮ್ಮ ಇನ್ನಷ್ಟು ಬೇಕಿತ್ತು ಅಂತ ನನ್ನ ಆಸೆ. ಆದ್ರೆ ತಮ್ಮ ಮೇಲೆ ಕನಿಕರ ಹುಟ್ಟಲಿ ಅಂತ ಅವರು ಬರೆದಿಲ್ಲ.

ಇವತ್ತು ಇಂಟರ್‌ವಲ್‌ನಲ್ಲೇ ಸಿನಿಮಾಗೆ ಸ್ಟಾರ್ ಕೊಟ್ಟು ಮುಗಿಸೋರು ನಾವು. ನಾಯಕ ನಾಯಕಿಗೆ ಹೊಡೆದಾಗ ಶಿಳ್ಳೆ ಬಿದ್ದರೆ ನಮ್ಮ ರಿವ್ಯೂನಲ್ಲಿ ಅದು ‘ಮಾಸ್ ಸೀನ್’. ನಾನೂ ಹಾಗೆ ಬರೆದಿದೀನಿ.

ಮೊನ್ನೆ ಊರಿಗೆ ಹೋದಾಗ ಪುಸ್ತಕ ಅವ್ವನಿಗೆ ಕೊಟ್ಟು ಬಂದೆ. ವಾರದ ಮೇಲೆ ಫೋನ್ ಮಾಡಿ ಕೇಳಿದಳು: ‘ನೀ ಇದನ್ನ ಪೂರ್ತಿ ಓದೀಯೇನ?’

ಹೂಂ ಅಂದೆ. ಆಕೆ ಮತ್ತೇನೂ ಕೇಳಲಿಲ್ಲ.